ಒಂದು ಗಂಟೆ ಪಾಠ, ಒಂದು ಗಂಟೆ ಅರ

ನನ್ನ ಫೋನಿನಲ್ಲಿ ಹದಿನೇಳು ಸರ್ಟಿಫಿಕೇಟುಗಳಿವೆ. ಹೈಡ್ರಾಲಿಕ್ಸ್, ರೋಬೋಟು, ಕ್ವಾಲಿಟಿ ಕಂಟ್ರೋಲು, ಮೂರು ತಿಂಗಳ ಜಪಾನಿ ಭಾಷೆ ಕೂಡ. ಎಲ್ಲವೂ ನಾನೇ ಓದಿ ಸಂಪಾದಿಸಿದ್ದು. ಬಾಗಲೂರಿನಿಂದ ಹೊಸೂರಿಗೆ ಹೋಗುವ ಫ್ಯಾಕ್ಟರಿ ಬಸ್ಸಿನಲ್ಲಿ ಬೇರೆಯವರು ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುವಾಗ ನಾನು ಓದುತ್ತಿದ್ದೆ. ಏಳು ವರ್ಷ ಹಾಗೆ ಓದಿದೆ. ಆ ಏಳು ವರ್ಷವೂ ಕಾಂಟ್ರಾಕ್ಟಿನಲ್ಲಿ ಪೆಟ್ಟಿಗೆಗಳನ್ನು ಟ್ರಾಲಿಗೆ ಏರಿಸುತ್ತಿದ್ದೆ.

ಈ ವರ್ಷ ಕಂಪನಿಯವರು ಕಾಂಟ್ರಾಕ್ಟಿನವರಿಗೆಂದೇ ಎರಡು ಫಿಟ್ಟರ್ ಹುದ್ದೆ ಬಿಟ್ಟರು. ಪರ್ಮನೆಂಟ್ ಕೆಲಸ. ಮೂವತ್ತು ತುಂಬಿದವರಿಗೆ ಅವಕಾಶವಿಲ್ಲ. ಪರೀಕ್ಷೆ ಜುಲೈಯಲ್ಲಿ, ನನಗೆ ಮೂವತ್ತು ತುಂಬುವುದು ಆಗಸ್ಟಿನಲ್ಲಿ. ಇದು ತಪ್ಪಿದರೆ ಇನ್ನೊಂದಿಲ್ಲ ಎಂದು ನನಗೂ ಗೊತ್ತಿತ್ತು, ನನ್ನ ಹೆಂಡತಿ ಚಂದ್ರಲೇಖಾಗೂ ಗೊತ್ತಿತ್ತು.

ಮೊದಲು ಬರೆಯುವ ಪರೀಕ್ಷೆ. ಆಮೇಲೆ ಮಾಡಿ ತೋರಿಸುವುದು. ದಪ್ಪ ಕಬ್ಬಿಣದ ಪಟ್ಟಿಯಲ್ಲಿ ಕೊರೆದ ಕಂಡಿಯನ್ನು ಅರದಿಂದ ಉಜ್ಜಿ ಚೌಕ ಮಾಡಬೇಕು, ಅದರಲ್ಲಿ ಕೂರುವ ಚೌಕದ ತುಂಡನ್ನೂ ಉಜ್ಜಬೇಕು. ಕೂಡಿಸಿ ಬೆಳಕಿಗೆ ಹಿಡಿದರೆ ಸಂದಿಯಲ್ಲಿ ಬೆಳಕು ಕಾಣಬಾರದು.

ನನ್ನ ಹಾಗೇ ಕಾಂಟ್ರಾಕ್ಟಿನಲ್ಲಿದ್ದ ನಮ್ಮ ಬೀದಿಯ ಬಾಲಾಜಿಯೂ ಅರ್ಜಿ ಹಾಕಿದ. ನನಗಿಂತ ಆರು ವರ್ಷ ಚಿಕ್ಕವನು, ಪುಸ್ತಕ ಕಂಡರೆ ಆಕಳಿಸುವ ಆಸಾಮಿ. ಮತ್ತಿಗಿರಿಯಲ್ಲಿ ಅವನ ಸೋದರಮಾವನದೊಂದು ಗ್ರಿಲ್ ಶೆಡ್ಡು. ಕಬ್ಬಿಣ ಬಿಗಿಯುವ ವೈಸ್ ಅಲ್ಲಿ ಒಂದೇ ಇತ್ತು.

"ಉಮಣ್ಣ, ದಿನಾ ಸಾಯಂಕಾಲ ಶೆಡ್ಗೆ ಬಾ" ಎಂದ. "ಒಂದು ಗಂಟೆ ನಂಗೆ ಥಿಯರಿ ಹೇಳ್ಕೊಡು. ಆಮ್ಯಾಕೆ ಒಂದು ಗಂಟೆ ವೈಸ್ ನಿಂದು."

ಮೊದಲ ದಿನ ಹಾಗೇ ನಡೆಯಿತು. ಇಪ್ಪತ್ತು ನಿಮಿಷಕ್ಕೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತು, ಉಜ್ಜಿದ ಕಬ್ಬಿಣ ಡೊಂಕಾಯಿತು, ಶೆಡ್ಡಿನವರು ನಕ್ಕರು. ನಾನು ಪಾಠ ಹೇಳುವಾಗ ಮಾತ್ರ ಅದೇ ಜನ ವೆಲ್ಡಿಂಗ್ ನಿಲ್ಲಿಸಿ ಕೇಳುತ್ತಿದ್ದರು, ಒಬ್ಬ ನನಗೆಂದು ಸ್ಟೂಲ್ ತಂದು ಹಾಕುತ್ತಿದ್ದ. ನನಗೆ ಹಿತವಾಗಿತ್ತು, ಸುಳ್ಳೇಕೆ ಹೇಳಲಿ. ಎರಡನೆಯ ವಾರದಿಂದ ನನ್ನ ಗಂಟೆಯೂ ಪಾಠಕ್ಕೇ ಹೋಯಿತು. ನಾನು ಹೇಳುತ್ತ ಕೂರುತ್ತಿದ್ದೆ, ಬಾಲಾಜಿ ಕೇಳುತ್ತ ಅರ ಉಜ್ಜುತ್ತಿದ್ದ.

ಅವನು ಮೋಸ ಮಾಡಲಿಲ್ಲ. "ಅಣ್ಣ, ನಿನ್ ಟೈಮಾಯ್ತು" ಎಂದು ದಿನವೂ ಕೈ ಒರೆಸಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದ.

"ಇರ್ಲಿ ಕಣ್ಲಾ, ಇದೊಂದು ಮುಗಿಸ್ಬುಡ್ತೀನಿ" ಎನ್ನುತ್ತಿದ್ದೆ.

ಮೋಸ ಮಾಡಿದ್ದರೆ ಈಗ ಬೈಯಲಿಕ್ಕಾದರೂ ಒಬ್ಬ ಇರುತ್ತಿದ್ದ.

ಬರೆಯುವ ಪರೀಕ್ಷೆಯಲ್ಲಿ ನಾನೇ ಮೊದಲಿಗ. ಬಾಲಾಜಿ ನಾನು ಹೇಳಿಕೊಟ್ಟದ್ದನ್ನು ಬರೆದು ಹೇಗೋ ಪಾಸಾದ. ಮಾರನೆಯ ದಿನ ನಾಲ್ಕು ಗಂಟೆ ಕಾಲ ಅರದ ಕೆಲಸ. ಮೂರನೆಯ ಗಂಟೆಗೇ ನನ್ನ ತುಂಡು ಕಂಡಿಯಲ್ಲಿ ಲೊಡಲೊಡ ಅಲ್ಲಾಡುತ್ತಿತ್ತು. ಹೆಚ್ಚು ಉಜ್ಜಿಬಿಟ್ಟಿದ್ದೆ. ಉಜ್ಜಿದ ಕಬ್ಬಿಣ ವಾಪಸು ಬರುವುದಿಲ್ಲ.

ಪರೀಕ್ಷೆ ಮಾಡಿದವರು ಟೂಲ್ ರೂಮಿನ ಹಿರಿಯರಾದ ರಾಮಚಂದ್ರಪ್ಪ. ನನ್ನದನ್ನು ಕಿಟಕಿಗೆ ಹಿಡಿದರು. ನಾಲ್ಕು ಕಡೆಯಿಂದಲೂ ಬೆಳಕು ಸುರಿಯಿತು.

"ತಂಬಿ, ಪೇಪರಲ್ಲಿ ತೊಂಬತ್ತೆಂಟು ತಗಂಡಿದ್ದೀಯ" ಎಂದರು. "ಇದ್ಯಾಕಪ್ಪ ಹಿಂಗಾಯ್ತು?"

ಯಾಕೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಅವರು ಬಾಲಾಜಿಯ ತುಂಡನ್ನು ಎತ್ತಿಕೊಂಡಿದ್ದರು. ಅದನ್ನೂ ಕಿಟಕಿಗೆ ಹಿಡಿದು ಟಿಕ್ ಹಾಕಿದರು.

ಮನೆಗೆ ಬಂದು ಚಂದ್ರಲೇಖಾಗೆ ವಿಷಯ ಹೇಳಿದೆ. ಅವಳು ಮುದ್ದೆ ಬಡಿಸಿ ಎದುರು ಕೂತಳು. ನಾನು ಉಣ್ಣಲಿಲ್ಲ. ಅರ ಮುಂದಕ್ಕೆ ತಳ್ಳುವಾಗ ಎಡಗೈ ಭಾರ ಹೇಗೆ ಕಡಿಮೆಯಾಗುತ್ತ ಹೋಗಬೇಕು, ಬಲಗೈ ಭಾರ ಹೇಗೆ ಹೆಚ್ಚಬೇಕು, ಎಳೆದುಕೊಳ್ಳುವಾಗ ಯಾಕೆ ಒತ್ತಬಾರದು, ನಾನು ತಪ್ಪಿದ್ದು ಎಲ್ಲಿ, ಎಲ್ಲವನ್ನೂ ವಿವರಿಸಿದೆ. ಅರ್ಧ ಗಂಟೆ ಅವಳು ಅಲ್ಲಾಡದೆ ಕೇಳಿದಳು.

"ಎಷ್ಟು ಚೆನ್ನಾಗಿ ಹೇಳಿದ್ರಿ" ಎಂದಳು. "ನಂಗೂ ಅರ್ಥ ಆಗೋಯ್ತು ನೋಡಿ."

ಅವಳು ಚುಚ್ಚಿ ಮಾತಾಡಿದ್ದಲ್ಲ, ನಿಜವಾಗಿಯೂ ಮೆಚ್ಚಿಕೊಂಡೇ ಹೇಳಿದ್ದಳು. ನಾನು ಉಣ್ಣದೆ ಎದ್ದು ಕೈ ತೊಳೆದುಕೊಂಡೆ.