ತಮ್ಮನ ಮನೆಗೆ ಕೊಟ್ಟ ದೋಣಿ

ನನ್ನ ತಮ್ಮ ಒಲ್ಕೆರಿಲ್, ಕೊರೊರ್ ಎಂಬ ಪೇಟೆಯಾಚೆ ಹೊಸ ಮನೆ ಕಟ್ಟಿದ; ಸೂರೊಂದು ಬಾಕಿ. ನಮ್ಮ ದ್ವೀಪದಲ್ಲಿ ಮನೆಯ ಖರ್ಚನ್ನು ಬಂಧುಗಳು ಸೇರಿ ತೀರಿಸುತ್ತಾರೆ; ಅದಕ್ಕೊಂದು ಔತಣ. ಯಾರು ಏನು ತಂದರೆಂದು ಒಬ್ಬ ನಿಂತು ಕೂಗುತ್ತಾನೆ. ಹೆಸರು ಕೂಗಿಸಿಕೊಂಡವನು ಮನೆಯವನಾದ ಹಾಗೆ. ನಾಳೆ ಅವನು ಏನು ಕೇಳಿದರೂ ಇಲ್ಲವೆನ್ನುವಂತಿಲ್ಲ.

ನಾನು ಬೇಯಿಸಿದ ಕೆಸುವಿನ ಗೆಡ್ಡೆ ಹಂಚುತ್ತಿದ್ದಾಗ ನನ್ನ ಮಗ ಇಟೆಲ್ ದಪ್ಪ ಲಕೋಟೆ ಹಿಡಿದು ಬಂದ.

"ಬಾಸ್ ಕಳ್ಸಿದಾರೆ. ಮಾವನಿಗೆ."

ಬಾಸ್ ಎಂದರೆ ಹೊರದೇಶದಿಂದ ಬಂದು ದಡದ ಹಳೆಯ ಹೋಟೆಲು ಹಿಡಿದವನು. ಅಲ್ಲಿಗೆ ಒಬ್ಬ ಪ್ರವಾಸಿಯೂ ಬಂದದ್ದಿಲ್ಲ. ಅವನ ಡಾಲರು ಬಂದ ಮೇಲೆ ನಮ್ಮ ಹುಡುಗರು ಐಸ್ ಎಂಬ ಮಾದಕ ಪುಡಿ ಸೇದಲು ಕಲಿತರು, ಹೆತ್ತವರ ಮನೆಯಲ್ಲೇ ಕದಿಯಲು ಕಲಿತರು. ಇಟೆಲ್ ಸೇದುತ್ತಿರಲಿಲ್ಲ. ಆದರೆ ನನ್ನ ಗಂಡ ಬಿಟ್ಟುಹೋದ ದೋಣಿಯಲ್ಲಿ ಹವಳದ ಬಂಡೆಯಾಚೆ ಹೋಗಿ, ಹಡಗಿನಿಂದ ಬಾಸ್‌ನ ಪೆಟ್ಟಿಗೆ ತರಲು ಒಪ್ಪಿಕೊಂಡಿದ್ದ. ಸೋಮವಾರದಿಂದ ಕೆಲಸ. "ಹೋಟೆಲಿನ ಪಾತ್ರೆ ಸಾಮಾನಮ್ಮ" ಎನ್ನುತ್ತಿದ್ದ. ಪಾತ್ರೆಯಂತೆ, ಪಾತ್ರೆ!

"ವಾಪಸ್ ಕೊಟ್ಟು ಬಾ" ಎಂದೆ.

"ಅಕ್ಕ, ತಲೆ ಕೆಟ್ಟಿದ್ಯಾ?" ತಮ್ಮ ಹಲ್ಲು ಕಚ್ಚಿದ. "ಸೂರಿನ ತಗಡು ನಿನ್ನ ಕೆಸುವಿನ ಗೆಡ್ಡೇಲಿ ಬರುತ್ತಾ?"

"ಅವನ ಹೆಸರು ಕೂಗ್ಸು. ನಾಳೆ ಅವನು ಈ ನಿನ್ನ ಸೋದರಳಿಯನನ್ನೇ ಕೇಳ್ತಾನೆ. ಕೊಡ್ತೀಯಾ?"

ತಮ್ಮ ಲಕೋಟೆಯತ್ತ ಚಾಚಿದ್ದ ಕೈ ಹಿಂದೆಗೆದ. ಇಟೆಲ್ ರೇಗಿದ. "ನಾನೇನು ತೊಟ್ಟಿಲ ಕೂಸಾ? ಲಕೋಟೆ ಬೇಡ ಅಂದ್ರೆ ಬಿಡಿ. ದೋಣಿ ಇದೆ, ದುಡೀತೀನಿ."

ದೋಣಿ! ಅದು ನನ್ನದು. ನಾನು ಸೀದಾ ಕೂಗುವವನ ಬಳಿ ಹೋದೆ.

"ಬಾಯಿ ತೆಗಿಯೋ. ಅಕ್ಕನ ಕಡೆಯಿಂದ ದೋಣಿ, ಇಂಜಿನ್ ಸಮೇತ!"

ಅವನು ಕೂಗಿಬಿಟ್ಟ. ಹಾಗೆ ಕೂಗಿದ್ದನ್ನು ಹಿಂದಕ್ಕೆ ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ಹೆಂಗಸರು ಕುಣಿದರು. ಇಟೆಲ್ ಹರಳೆಣ್ಣೆ ಕುಡಿದ ಮುಖ ಮಾಡಿ ಲಕೋಟೆ ಹಿಂದಿರುಗಿಸಲು ಹೋದ. ತಮ್ಮ ಇಂಜಿನ್ನಿನ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮಗ ನನ್ನೊಡನೆ ಮಾತು ಬಿಟ್ಟ. ಬಿಡಲಿ.

ಸೋಮವಾರ ಬಾಸ್ ಬೇರೆಯವನ ದೋಣಿ ಹಿಡಿದ. ಮರುದಿನ ಮಧ್ಯಾಹ್ನ, ಬಂಡೆಯಾಚೆ ಐಸ್ ತುಂಬಿದ ಪೆಟ್ಟಿಗೆಗಳ ಸಮೇತ ದೋಣಿಯವನು ಸಿಕ್ಕಿಬಿದ್ದನೆಂದು ರೇಡಿಯೋ ಹೇಳಿತು. ಪೊಲೀಸರು ಹೋಟೆಲಿಗೂ ನುಗ್ಗಿದ್ದರು. ಇಟೆಲ್ ಮಾವನ ಸೂರಿನ ಮೇಲೆ ಕೂತು ಬಂಧುಗಳು ಕೊಟ್ಟ ಹಣದಲ್ಲಿ ತಂದ ತಗಡಿಗೆ ಮೊಳೆ ಹೊಡೆಯುತ್ತಿದ್ದ. ಸುತ್ತಿಗೆಯ ಸದ್ದು ನಿಂತಿತು. ಅವನು ಕೆಳಗಿಳಿದು ಬಂದು, ಅಂಗಳದಲ್ಲಿ ನಾನು ಹಚ್ಚಿದ್ದ ಒಲೆಯ ಪಕ್ಕ ಕೂತ.

"ಅಮ್ಮ, ಹಸಿವು."

"ಮಾತು ಬಂತಾ ಮೂಗನಿಗೆ?" ಎಂದು ಸೌಟಿನಿಂದ ಭುಜಕ್ಕೊಂದು ಕೊಟ್ಟೆ. ಆಮೇಲೆ ಮೀನಿನ ಸಾರು ಬಡಿಸಿದೆ. ಅವಸರಕ್ಕೆ ಅರ್ಧ ನೆಲಕ್ಕೆ ಚೆಲ್ಲಿತು. ಚೆಲ್ಲಲಿ, ಪಾತ್ರೆಯಲ್ಲಿ ಇನ್ನೂ ಇತ್ತು.