ಕರಿಯಕ್ಕನ ಚೊಂಬು

ಚೊಂಬಿನ ಅಂಚಿನಲ್ಲೊಂದು ನೊಣ, ಕರಿಯಕ್ಕ ಸೆರಗಿನಿಂದ ಓಡಿಸಿ ಮತ್ತೆ ಚಾಚಿದ್ದಾಳೆ, ನನಗಲ್ಲ, ಶೈಲಾಗೆ, ನನ್ನ ತಂಗಿಯ ಮಗಳಿಗೆ, ಲಂಡನ್ನಿನ ದೊಡ್ಡ ವಿಶ್ವವಿದ್ಯಾಲಯದಲ್ಲಿ ಆಡಳಿತ ಓದಿ ಬಂದವಳಿಗೆ — ಸಂಜೆಯೊಳಗೆ ಒಂದು ಹೆಸರು ಹೇಳ್ರಿ ಗೋಣೆಪ್ಪನವರೇ, ನೀವು ಹೇಳಿದವರಿಗೇ ಜಿಲ್ಲಾ ಪಂಚಾಯ್ತಿ ಟಿಕೆಟ್ಟು ಎಂದು ದಾವಣಗೆರೆಯ ಪಕ್ಷದ ಕಚೇರಿಯಿಂದ ನನಗೆ ಫೋನು ಬಂದಿದೆ, ಇವಳೋ ಇಲ್ಲ ಪ್ರವೀಣ್ ಕುಮಾರನೋ, ಅವನು ಪಿಯುಸಿ ಫೇಲು, ಆದರೆ ಜಗಳೂರು ತಾಲ್ಲೂಕಿನಲ್ಲಿ ಯಾರು ಸತ್ತರೂ ನೆಂಟರಿಗಿಂತ ಮುಂಚೆ ಹೋಗಿ ಚಟ್ಟಕ್ಕೆ ಹೆಗಲು ಕೊಡುತ್ತಾನೆ, ತಿಥಿಯ ದಿನ ಪಂಚೆ ಎತ್ತಿ ಕಟ್ಟಿ ಸಾರು ಬಡಿಸುತ್ತಾನೆ, ಇದನ್ನು ಯಾವ ಕಾಲೇಜಿನಲ್ಲಿ ಹೇಳಿಕೊಡುತ್ತಾರಮ್ಮ ಎಂದು ಬರುವಾಗ ಕಾರಿನಲ್ಲಿ ಕೇಳಿದ್ದಕ್ಕೆ ಶೈಲಾ ನಕ್ಕಳು, ಅದನ್ನ ಹೇಳಿಕೊಡಲ್ಲ ಮಾವ, ನಾನು ಕಲಿತಿದ್ದು ಬೇರೆ ಐತೆ. ಕಲಿತಿದ್ದಾಳೆ, ಇಲ್ಲ ಅಂದವರ್‍ಯಾರು, ಇದೇ ಬೋರಿನ ನೀರಿನ ಮೇಲೆ ದಪ್ಪನೆ ಪ್ರಬಂಧ ಬರೆದು ಡಿಗ್ರಿ ತಗೊಂಡವಳು, ಸೊಕ್ಕೆ ಊರು ದಾಟಿ ಈ ಹಟ್ಟಿ ಮುಟ್ಟುವವರೆಗೂ ಅದೇ ಪುರಾಣ, ಫ್ಲೋರೈಡು ಮಾವ, ಮಕ್ಕಳ ಹಲ್ಲು ಕಂದಾಗ್ತವೆ, ವಯಸ್ಸಾದ ಮೇಲೆ ಮಂಡಿ ಬಗ್ಗಲ್ಲ, ನಾನು ನನ್ನ ಮಂಡಿ ನೀವಿಕೊಂಡು ಕೂತಿದ್ದೆ, ಎಲ್ಲಾ ಸರಿ ಕಣಮ್ಮ, ಆದರೆ ಹಟ್ಟಿಯಲ್ಲಿ ನೀರು ಕೊಟ್ಟರೆ ಕುಡಿ, ಎತ್ತಿ ಕುಡಿಯಬೇಡ, ತುಟಿ ತಾಗಿಸಿ ಕುಡಿ, ಇವರ ಕಟ್ಟೆಯ ಮೇಲೆ ಕೂತು ಇವರ ನೀರು ಮುಟ್ಟದೆ ಎದ್ದುಹೋದವರನ್ನು ಇವರು ತಲೆಮಾರುಗಟ್ಟಲೆ ನೋಡಿದ್ದಾರೆ, ಬೇಡ ಅಂದರೆ ಫ್ಲೋರೈಡು ಅಂತ ಯಾರೂ ತಿಳಿಯಲ್ಲ, ಜಾತಿ ಅಂತಲೇ ತಿಳೀತಾರೆ. ಹೊನ್ನಾಳಿ ಕಡೆ ಒಬ್ಬ ಡಾಕ್ಟರೇಟಿನವನು ಸಾಸ್ವೆಹಳ್ಳಿಯಲ್ಲಿ ಬಾಟಲಿ ನೀರು ಕುಡಿದು ಅದೇ ಬಾಯಲ್ಲಿ ಸಮಾನತೆಯ ಭಾಷಣ ಬಿಗಿದ, ಪಾಪ, ಠೇವಣಿಯೂ ದಕ್ಕಲಿಲ್ಲ.

ಇನ್ನೂ ಕೈ ಚಾಚಿಲ್ಲ ಇವಳು, ಚೊಂಬನ್ನೇ ನೋಡುತ್ತಿದ್ದಾಳೆ, ಕಟ್ಟೆಯ ಮೇಲಿನ ಗಂಡಸರು ಇವಳನ್ನು ನೋಡುತ್ತಿದ್ದಾರೆ, ಬ್ಯಾಗಿನಿಂದ ಬಾಟಲಿಯ ಕತ್ತು ಇಣುಕುತ್ತಿದೆ, ಅದನ್ನು ಕಾರಿನಲ್ಲೇ ಬಿಟ್ಟು ಬಾ ಅಂದಿದ್ದೆನಲ್ಲ, ಬಾಗಿಲ ಹಿಂದೆ ಇನ್ನೊಂದು ಬಾಟಲಿ, ಕರಿಯಕ್ಕನ ಮೊಮ್ಮಗಳು ಆಶಾ ಅವಚಿಕೊಂಡು ನಿಂತಿದ್ದಾಳೆ, ನಮ್ಮ ಹುಡುಗಿ ಮನೆ ನೀರೇ ಮುಟ್ಟಲ್ಲ ಕಣಣ್ಣ, ಬೋರಿನ ನೀರು ಕುಡಿಬ್ಯಾಡ ಅಂತ ಮೇಷ್ಟ್ರು ಹೇಳ್ಯಾರಂತೆ, ಇಸ್ಕೂಲಿನ ಫಿಲ್ಟರ್ ನೀರು ಹೊತ್ಕೊಂಡು ಬರ್ತಾಳೆ, ದೊಡ್ಡ ರಾಣಿ ಎಂದು ಈಗಷ್ಟೇ ಕರಿಯಕ್ಕ ಬೈದಳು, ಹುಡುಗಿ ಬೈಗುಳಕ್ಕೆ ನಕ್ಕಿತು, ಹೊಸದಾಗಿ ಹುಟ್ಟಿದ ಮುಂದಿನ ಹಲ್ಲು, ಬೆಳ್ಳಗೆ, ಈ ಹಟ್ಟಿಯಲ್ಲಿ ಅಂಥ ಹಲ್ಲು ನಾನು ನೋಡೇ ಇಲ್ಲ. ಕುಡಿಯಮ್ಮ ಶೈಲಾ, ಹೊತ್ತಾಗುತ್ತಿದೆ — ಕುಡಿದರೆ ಗೆದ್ದಳು, ಕುಡಿಯದಿದ್ದರೆ ಪ್ರವೀಣ್ ಕುಮಾರ್, ಲೆಕ್ಕ ಇಷ್ಟೇ, ಆದರೂ ಒಳಗೆಲ್ಲೋ ಇವಳು ಬೇಡ ಅನ್ನಲಿ ಅನ್ನಿಸುತ್ತಿದೆ, ಚೊಂಬು ಕೆಳಗಿಟ್ಟು, ಅಜ್ಜಿ, ಈ ನೀರು ಸರಿಯಿಲ್ಲ, ಮೇಷ್ಟ್ರು ಹೇಳಿದ್ದು ನಿಜ, ನೀವೂ ಕುಡಿಬ್ಯಾಡ್ರಿ ಎಂದು ನಮ್ಮ ಪಕ್ಷದಲ್ಲಿ ಒಬ್ಬರಾದರೂ ಹೇಳಲಿ, ಅಷ್ಟು ದೂರ ಹೋಗಿ ಓದಿದ್ದು ಮತ್ಯಾಕೆ, ಥೂ, ಇದೇನು ಅರಳು ಮರಳು ನನಗೆ, ಕುಡಿ ಎಂದು ಹೇಳಿಕೊಟ್ಟವನೂ ನಾನೇ.

ತಗೊಂಡಳು. ಎರಡೂ ಕೈಯಲ್ಲಿ, ತುಟಿ ತಾಗಿಸಿ, ಗುಟುಕು ಗುಟುಕಾಗಿ ಪೂರ್ತಿ, ಮುಖ ಒಂಚೂರೂ ಕಿವಿಚಲಿಲ್ಲ, ಹಿಂಗೈಯಲ್ಲಿ ಬಾಯಿ ಒರೆಸಿಕೊಂಡು ಎಷ್ಟು ರುಚಿಯಾಗೈತೆ ಅಜ್ಜಿ ನಿಮ್ಮ ನೀರು ಅಂದಳು, ಇಷ್ಟನ್ನು ನಾನು ಹೇಳಿಕೊಟ್ಟಿರಲಿಲ್ಲ, ಇದು ಅವಳದೇ, ಕಟ್ಟೆಯ ಮೇಲಿನವರು ಸರಿದು ಜಾಗ ಮಾಡಿಕೊಟ್ಟರು, ಕೂಡ್ರಮ್ಮ, ಕೂಡ್ರಿ, ಹಟ್ಟಿಯ ಓಟೆಲ್ಲ ಬಂದಂತೆಯೇ, ಭೇಷ್, ಪ್ರವೀಣ್ ಕುಮಾರನನ್ನೂ ಮೀರಿಸಿದಳು, ಹೆಸರು ಗಟ್ಟಿಯಾಯಿತು, ಜೇಬಿನಲ್ಲಿ ಫೋನು ಅದುರುತ್ತಿದೆ, ದಾವಣಗೆರೆಯದೇ ಇರಬೇಕು, ತೆಗೆದು ಶೈಲಾ ಅಂದರೆ ಮುಗಿಯಿತು, ತೆಗೆಯುತ್ತೇನೆ, ತಡಿ — ಕರಿಯಕ್ಕ ಹಂಡೆಗೆ ಅದ್ದಿ ಚೊಂಬು ಮತ್ತೆ ತುಂಬಿದಳು, ಈ ಸಲ ಬಾಗಿಲ ಕಡೆ ತಿರುಗಿದಳು, ನೋಡಿದ್ಯಾ, ಲಂಡನ್‌ನಾಗೆ ಓದಿದೋರೇ ಕುಡಿದ್ರು, ನಿಮ್ಮ ಮೇಷ್ಟ್ರು ಏನು ಅವರಿಗಿಂತ ಜಾಸ್ತಿ ಓದ್ಯಾನಾ, ಕುಡಿ. ಹುಡುಗಿ ಶೈಲಾಳನ್ನು ನೋಡಿತು, ಹೌದೇನಕ್ಕ ಅನ್ನುವ ಹಾಗೆ, ಶೈಲಾ ನನ್ನನ್ನು ನೋಡಿದಳು, ಬಾಯಿ ತೆರೆದಳು, ಕಟ್ಟೆಯ ಕಡೆ ನೋಡಿ ಮುಚ್ಚಿಕೊಂಡಳು, ಹೇಳೇ ಎಂದು ನಾನಾದರೂ ಅನ್ನಬಹುದಿತ್ತು, ಫೋನು ಅದುರುತ್ತಲೇ ಇದೆ, ಹುಡುಗಿ ಬಾಟಲಿಯನ್ನು ನೆಲಕ್ಕಿಟ್ಟಿತು, ಇವಳು ಹಿಡಿದ ಹಾಗೆಯೇ ಎರಡೂ ಕೈಯಲ್ಲಿ ಹಿಡಿಯಿತು, ಚೊಂಬು, ಚೊಂಬಿನ ಅಂಚು, ಅಂಚಿಗೆ ತಾಗಿದ ಆ ಬಿಳಿ ಹಲ್ಲು