ಎಡಗಡೆಯ ಹೊಲಿಗೆ

ಹಳೇ ಸೋಫಾ ರಿಪೇರಿಗೆ ಬಂದರೆ ಅದರ ಬೆನ್ನಿನ ಅಂಚನ್ನು ನಾವು ಗಂಡ ಹೆಂಡತಿ ಇಬ್ಬರೂ ಕೂಡಿಯೇ ಹೊಲಿಯುತ್ತಿದ್ದೆವು. ನಮ್ಮವರು ಎಡಚರು, ಎಡತುದಿಯಿಂದ ಶುರು ಮಾಡುತ್ತಿದ್ದರು; ನಾನು ಬಲತುದಿಯಿಂದ. ನಡುವೆ ಎಲ್ಲೋ ಸೂಜಿಗೆ ಸೂಜಿ ಎದುರಾದಾಗ "ನಿನ್ನದು ಆಮೆ ನಡಿಗೆ" ಎಂದು ರೇಗಿಸುತ್ತಿದ್ದರು, ನಾನು ಸಿಡುಕುತ್ತಿದ್ದೆ. ಅವರ ಹೊಲಿಗೆ ಬಲಕ್ಕೆ ವಾಲುತ್ತಿತ್ತು, ನನ್ನದು ಎಡಕ್ಕೆ. ಗಿರಾಕಿಗಳಿಗೆ ಅದು ಕಾಣದು. ನಮಗೆ ಮಾತ್ರ ಒಂದು ನೋಟಕ್ಕೇ ಯಾರದು ಎಂದು ತಿಳಿಯುತ್ತಿತ್ತು.

ಹೋದ ವರ್ಷ ಅವರು ತೀರಿಕೊಂಡರು. ಅತ್ತು ಕರೆದು ಊಟ ಬಿಟ್ಟದ್ದೂ ಆಯಿತು. ಆಮೇಲೆ ಹೊಟ್ಟೆ ಕೇಳಬೇಕಲ್ಲ, ಅಂಗಡಿ ತೆರೆದೆ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಿರುಗುಟ್ಟುವ ಮರದ ಮೆಟ್ಟಿಲು. ನಿಜ ಹೇಳಬೇಕೆಂದರೆ ನೆಮ್ಮದಿಯಾಗಿಯೇ ಇದ್ದೆ.

ಆಗ ಬಂತು ಹಸಿರು ಮಖಮಲ್ಲಿನ ಸೋಫಾ. ಸಂಜೆ ಬಲತುದಿಯಿಂದ ಒಂದು ಗೇಣು ಹೊಲಿದು, ಸೂಜಿ ಚುಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಇಳಿದು ಬಂದರೆ ಎಡತುದಿಯಲ್ಲೂ ಒಂದು ಗೇಣು ಹೊಲಿಗೆ. ಬಲಕ್ಕೆ ವಾಲಿದ್ದು.

ಬಾಗಿಲ ಚಿಲಕ ಹಾಕಿದ್ದು ಹಾಕಿದಂತೆಯೇ ಇತ್ತು. ಬಿಚ್ಚಿಹಾಕೋಣವೆಂದು ಕತ್ತರಿ ಹಿಡಿದೆ, ಮನಸ್ಸು ಬರಲಿಲ್ಲ. ಮರುದಿನ ಆ ಹೊಲಿಗೆ ಇನ್ನಷ್ಟು ಮುಂದೆ ಬಂದಿತ್ತು. ನಾನೇ ಮೈಮರೆತು ಹಾಕಿರಬಹುದೇ ಎಂದು ಎಡಗೈಯಲ್ಲಿ ಹೊಲಿದು ನೋಡಿದೆ. ಕಾಗೆ ಕಾಲು ಗುಬ್ಬಿ ಕಾಲು. ನಡುವಿನ ಜಾಗ ದಿನದಿನಕ್ಕೂ ಕಿರಿದಾಗುತ್ತಿತ್ತು. ಎರಡೂ ಕೂಡಿದ ದಿನ ಏನಾದೀತೋ ಎಂದು ನೆನೆದರೇ ಮೈ ಜುಂ ಎನ್ನುತ್ತಿತ್ತು. ಬೇಕಂತಲೇ ನನ್ನ ಕೈ ನಿಧಾನ ಮಾಡಿದೆ. ಗಿರಾಕಿ ಫೋನ್ ಮಾಡಿ ಕೇಳಿದರೆ ಮಖಮಲ್ಲು ಸರಿಯಿಲ್ಲವೆಂದು ಅದರ ಮೇಲೇ ಗೂಬೆ ಕೂರಿಸಿದೆ.

ತಡೆಯಲಾರದೆ ನಾದಿನಿಗೆ ಬಾಯಿಬಿಟ್ಟೆ. ನಮ್ಮವರ ತಂಗಿ ಅವಳು, ಆಸ್ಪತ್ರೆಯಲ್ಲಿ ನರ್ಸು. ದೆವ್ವ ಎದುರು ಬಂದರೂ ಮೊದಲು ಜ್ವರ ನೋಡುವವಳು.

"ನಿದ್ದೆಗಣ್ಣಲ್ಲಿ ನೀವೇ ಹೊಲೀತಿದ್ದೀರಿ ಅತ್ತಿಗೆ," ಎಂದಳು. "ನಿದ್ದೇಲಿ ಎಡಗೈ ಏನು ಬೇಕಾದ್ರೂ ಮಾಡುತ್ತೆ. ಸೂಜಿ ಕತ್ತರಿ ಮಧ್ಯೆ ಒಬ್ಬರೇ ಇರೋದು ಬೇಡ. ಅಂಗಡಿಗೆ ಬೀಗ ಹಾಕಿ ನಮ್ಮನೆಗೆ ಬಂದ್ಬಿಡಿ."

"ನೀನೇ ಬಂದು ಕಣ್ಣಾರೆ ನೋಡು. ಹೊಲೀತಿರೋದು ನಾನೇ ಆದ್ರೆ ತುಟಿ ಪಿಟಕ್ಕನ್ನದೆ ಬರ್ತೀನಿ. ಅಲ್ಲದಿದ್ರೆ ಇನ್ನು ಆ ಮಾತು ಎತ್ತಬಾರದು."

ಬಂದಳು. ಅಂಗಡಿಯ ಮೂಲೆಯಲ್ಲೇ ಹಾಸಿಕೊಂಡಳು. ಮೇಲೆ ಮಲಗಿದ ನನಗೆ ಮಾತ್ರ ಸಂಕಟ. ನಾರಿನ ಧೂಳು, ಅಂಟಿನ ವಾಸನೆ, ಕಿಟಕಿಯ ಬಿಸಿಲು ಬೀಳುವ ನನ್ನ ಮೇಜು, ಇವನ್ನೆಲ್ಲ ಬಿಟ್ಟು ಅವಳ ಮನೆಯ ಬೆಳ್ಳಗಿನ ಕೋಣೆಯಲ್ಲಿ ಕೈಕಟ್ಟಿ ಕೂರುವುದೆಂದರೆ ನನಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ.

ಬೆಳಿಗ್ಗೆ ಎಚ್ಚರವಾದಾಗ ನಾನು ಹಾಸಿಗೆಯಲ್ಲಿರಲಿಲ್ಲ. ಸೋಫಾದ ಮುಂದೆ ಸ್ಟೂಲಿನ ಮೇಲೆ ಕೂತಿದ್ದೆ. ಎಡಗಡೆಯ ಹೊಲಿಗೆ ಮತ್ತೂ ಮುಂದೆ ಬಂದಿತ್ತು. ಮುಗಿಯಿತು, ಸೋತೆ ಅಂದುಕೊಂಡೆ.

ನಾದಿನಿ ಮೆಟ್ಟಿಲ ಮೇಲೆ ಮುದುಡಿ ಕೂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಬೆಳಕು ಹರಿಯೋ ಹೊತ್ತಿಗೆ ಇಳಿದು ಬಂದ್ರಿ," ಎಂದಳು. "ಕಣ್ಣು ಮುಚ್ಚಿತ್ತು. ಇಲ್ಲಿ ಕೂತು ಯಾರನ್ನೋ ಬೈದ್ರಿ. ಆಮೇಲೆ ನಕ್ಕಿದ್ದೇ ನಕ್ಕಿದ್ದು."

"ಹೊಲಿದೆನಾ? ಅದನ್ನ ಹೇಳು."

ಅವಳು ನನ್ನ ಕೈಗಳನ್ನೇ ನೋಡಿದಳು. "ನಿಮ್ಮ ಎರಡೂ ಕೈ ಮಡಿಲಲ್ಲೇ ಇತ್ತು ಅತ್ತಿಗೆ. ಸೂಜಿ ಓಡ್ತಾನೇ ಇತ್ತು."

ಬೆನ್ನಲ್ಲಿ ಚಳಿ ಹತ್ತಿದ್ದು ಸುಳ್ಳಲ್ಲ. ಅದರ ಹಿಂದೆಯೇ ಎಂಥ ಖುಷಿ ಉಕ್ಕಿತು! ನಗು ತಡೆಯಲಾಗಲಿಲ್ಲ.

"ಹಾಗಾದ್ರೆ ನಾನಲ್ಲ. ಮಾತು ಮಾತೇ ತಾನೆ? ನಾನು ಎಲ್ಲಿಗೂ ಬರಲ್ಲ."

ಅವಳು ಚಹಾ ಕೂಡ ಬೇಡವೆಂದು ಚೀಲ ಹೆಗಲಿಗೇರಿಸಿ ಬಾಗಿಲವರೆಗೂ ಹೋದಳು. ಅಲ್ಲಿ ನಿಂತು ತಿರುಗಿದಳು, ನನ್ನ ಕಡೆಗಲ್ಲ, ಸೋಫಾದ ಎಡತುದಿಯ ಕಡೆಗೆ. ಕಣ್ಣು ತುಂಬಿತ್ತು.

"ಹೋಗಿ ಬರ್ತೀನಣ್ಣ," ಎಂದಳು.